ಆಟ ಮತ್ತು ಸಹೃದಯ: ಸ್ವತಂತ್ರ ವೀಡಿಯೋ ಆಟಗಳ ಒಂದು ಮೇಳವನ್ನು ಕುರಿತ ವಿಮರ್ಶೆ

೧

ವೀಡಿಯೋ ಆಟಗಳನ್ನು ಕುರಿತ ಲೇಖನವೊಂದು ಈ ಪತ್ರಿಕೆಯ ಪುಟಗಳಲ್ಲಿ ಕಾಣಿಸಿಕೊಂಡದ್ದಕ್ಕೆ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಶಾಸನ, ಛಂದಸ್ಸು, ಪಾಠಾಂತರಗಳ ಚರ್ಚೆಯ ನಡುವೆ ಮಕ್ಕಳ ಆಟಿಕೆಗೆ ಎಡೆಯುಂಟೆ ಎಂಬ ಅವರ ಸಂದೇಹವು ಸಹಜವಾದುದೇ. ಕೆಲವು ಕಾಲದ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆನು. ಆದರೆ ಈ ಸಂದರ್ಭದಲ್ಲಿ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ನೆನೆಯಬೇಕು. ಅಲ್ಲಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದ್ದು ಶಾಸ್ತ್ರವನ್ನಲ್ಲ, ಕಾವ್ಯವನ್ನೂ ಅಲ್ಲ; ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಒಂದು ಕ್ರೀಡನೀಯಕವನ್ನು, ಎಂದರೆ ಆಟದ ವಸ್ತುವನ್ನು. ನಾಟ್ಯವೇ ಆಟಿಕೆಯಾಗಿ ಹುಟ್ಟಿತೆಂದ ಮೇಲೆ, ಆಟಿಕೆಯೆಂಬ ಒಂದೇ ಕಾರಣದಿಂದ ಯಾವುದನ್ನೂ ಮೀಮಾಂಸೆಯ ಅಂಗಳದ ಹೊರಗೆ ನಿಲ್ಲಿಸುವುದು ನ್ಯಾಯವಾಗಲಾರದು. ನಮ್ಮ ಕರಾವಳಿಯ ಜನರು ಯಕ್ಷಗಾನವನ್ನು ಇಂದಿಗೂ ‘ಆಟ’ವೆಂದೇ ಕರೆಯುತ್ತಾರೆ. ಮುಂಬಯಿಯ ತುಳುನಾಡ ಬಂಧುಗಳು ‘ಈ ಸಲದ ಆಟಕ್ಕೆ ಬರುವಿರಾ?’ ಎಂದು ಕೇಳಿದರೆ ಯಾರೂ ಅದನ್ನು ಮಕ್ಕಳ ಆಟವೆಂದು ತಿಳಿಯುವುದಿಲ್ಲವಷ್ಟೆ.

ಆದುದರಿಂದ ವೀಡಿಯೋ ಆಟವು ವಿಮರ್ಶೆಗೆ ಅರ್ಹವೋ ಅಲ್ಲವೋ ಎಂಬುದು ಮುಖ್ಯ ಪ್ರಶ್ನೆಯಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಾಗಿದೆ: ನೋಡುವವನೇ ಆಡುವವನೂ ಆದಾಗ ರಸಕ್ಕೆ ಏನಾಗುತ್ತದೆ? ರಂಗದ ಮುಂದೆ ಕುಳಿತ ಸಹೃದಯನನ್ನು ಎಬ್ಬಿಸಿ ರಂಗದ ಮೇಲೆಯೇ ನಿಲ್ಲಿಸಿದರೆ ಅವನ ಸಹೃದಯತ್ವವು ಉಳಿಯುವುದೆ? ಪ್ರಕೃತ ಲೇಖನವು ಈ ಒಂದು ಪ್ರಶ್ನೆಗೆ ಕಟ್ಟುಬಿದ್ದದ್ದು.

೨

೨೦೨೫ರ ಜನವರಿಯ ಒಂದು ಭಾನುವಾರ ಮಗಳ ಒತ್ತಾಯಕ್ಕೆ ಮಣಿದು ನಮ್ಮ ನಗರದ ಸಭಾಂಗಣವೊಂದರಲ್ಲಿ ನಡೆದ ಆಟಗಳ ಮೇಳಕ್ಕೆ ಹೋದೆನು. ಅದು ದೊಡ್ಡ ಕಂಪನಿಗಳ ಮೇಳವಲ್ಲ, ‘ಸ್ವತಂತ್ರ’ ಆಟಗಳದು. ಸ್ವತಂತ್ರ ಎಂಬ ಮಾತಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ನೂರಾರು ಜನ ಸಂಬಳಗಾರರು ವರ್ಷಗಟ್ಟಲೆ ದುಡಿದು, ಪ್ರಕಾಶನ ಸಂಸ್ಥೆಯ ಬಂಡವಾಳದಿಂದ ಹೊರಬರುವ ಆಟಗಳು ಒಂದು ಬಗೆ. ಒಬ್ಬನೋ ಇಬ್ಬರೋ ನಾಲ್ವರೋ ತಮ್ಮ ಉಳಿತಾಯದ ಹಣದಿಂದ, ತಮ್ಮ ಇಚ್ಛೆಯಂತೆ ಕಟ್ಟುವ ಆಟಗಳು ಇನ್ನೊಂದು ಬಗೆ. ಈ ಎರಡನೆಯವುಗಳಿಗಾಗಿಯೇ ಅಮೆರಿಕದಲ್ಲಿ ೧೯೯೮ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್ ಎಂಬ ಉತ್ಸವವು ಸ್ಥಾಪಿತವಾಯಿತು. ಅದರ ಮಹಾಪುರಸ್ಕಾರಕ್ಕೆ ಷೇಮಸ್ ಮೆಕ್‌ನ್ಯಾಲಿ ಎಂಬ ತರುಣನ ಹೆಸರಿದೆ. ೨೦೦೦ದಲ್ಲಿ ‘ಟ್ರೆಡ್ ಮಾರ್ಕ್ಸ್’ ಎಂಬ ತನ್ನ ಆಟಕ್ಕೆ ಆ ಪ್ರಶಸ್ತಿಯನ್ನು ಪಡೆದ ಕೆಲವೇ ದಿನಗಳಲ್ಲಿ, ತನ್ನ ೨೧ನೆಯ ವಯಸ್ಸಿನಲ್ಲಿ, ಅವನು ಕ್ಯಾನ್ಸರಿನಿಂದ ತೀರಿಕೊಂಡನು. ಮುಂದೆ ಅಂತರ್ಜಾಲದ ಮೂಲಕ ಆಟಗಳನ್ನು ನೇರವಾಗಿ ಮಾರುವ ಅನುಕೂಲವು ಬೆಳೆದಂತೆ ಈ ಬಗೆಯ ಕೃತಿಗಳಿಗೆ ದೇಶದೇಶಗಳಲ್ಲಿ ಹಾದಿಯಾಯಿತು.

ಮೇಳದ ರೀತಿ ಹೀಗಿತ್ತು. ಉದ್ದ ಮೇಜುಗಳು, ಒಂದೊಂದರ ಮೇಲೆ ಒಂದು ಗಣಕಯಂತ್ರ, ಒಂದು ಹೆಡ್‌ಫೋನು, ಮುಂದೆ ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ತೆರವಾದೊಡನೆ ಕುಳಿತು ಕಾಲು ಗಂಟೆ ಆಡಬಹುದು. ಆಟವನ್ನು ಕಟ್ಟಿದ ತರುಣನೋ ತರುಣಿಯೋ ನಮ್ಮ ಬೆನ್ನ ಹಿಂದೆ ಮಾತಿಲ್ಲದೆ ನಿಂತು, ನಾವು ಎಲ್ಲಿ ಎಡವಿದೆವು, ಯಾವ ಗುಂಡಿಯನ್ನು ಹುಡುಕಿ ತಡಕಾಡಿದೆವು ಎಂಬುದನ್ನು ಗುರುತು ಹಾಕಿಕೊಳ್ಳುತ್ತಾರೆ. ಈ ಮೌನವು ಅವರ ಕಸಬಿನ ನಿಯಮ. ಹೇಳಿಕೊಟ್ಟರೆ ಪರೀಕ್ಷೆಯೇ ಕೆಡುತ್ತದೆ. ತನ್ನ ಕಾವ್ಯವನ್ನು ಓದುಗನು ಓದುತ್ತಿರುವಾಗ ಬೆನ್ನ ಹಿಂದೆ ನಿಂತು ಅವನ ಉಸಿರಾಟವನ್ನು ಗಮನಿಸುವ ಭಾಗ್ಯವಾಗಲಿ ಶಿಕ್ಷೆಯಾಗಲಿ ನಮ್ಮ ಯಾವ ಕವಿಗೂ ಇರಲಿಲ್ಲ.

ಅಂದು ನಾನು ಹನ್ನೊಂದು ಮೇಜುಗಳಲ್ಲಿ ಕುಳಿತೆನು. ಹೆಚ್ಚಿನವು ಇನ್ನೂ ಮುಗಿಯದ ಕೃತಿಗಳು. ಅವುಗಳ ಹೆಸರು ಹೇಳಿ ಗುಣದೋಷಗಳನ್ನೆಣಿಸುವುದು ಹಸಿ ಗೋಡೆಗೆ ಕಲ್ಲೆಸೆದಂತಾದೀತು. ಒಟ್ಟಿನಲ್ಲಿ ಒಂದು ಮಾತನ್ನು ಹೇಳಬಹುದು. ನಮ್ಮ ತರುಣರಲ್ಲಿ ಹಲವರು ಪುರಾಣವನ್ನು ಬಣ್ಣವಾಗಿ ಬಳಸುತ್ತಾರೆ, ಬಾಳಾಗಿ ಅಲ್ಲ. ಹಿಂದೆ ಗೋಪುರವಿರುತ್ತದೆ, ಮುಂದೆ ತ್ರಿಶೂಲವಿರುತ್ತದೆ. ಆದರೆ ನೆಗೆಯುವುದು, ಹೊಡೆಯುವುದು, ನಾಣ್ಯ ಕೂಡಿಸುವುದು ಎಲ್ಲವೂ ಹೊರನಾಡುಗಳ ಹಳೆಯ ಆಟಗಳ ಪಡಿಯಚ್ಚು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬವರು ೨೦೨೦ರಲ್ಲಿ ಹೊರತಂದ ‘ರಾಜಿ’ ಎಂಬ ಆಟವು ಈ ದಾರಿಯಲ್ಲಿ ಮೊದಲಿಗೆ ಗಟ್ಟಿಯಾಗಿ ಹೆಜ್ಜೆಯಿಟ್ಟುದು. ತಮ್ಮನನ್ನು ಅಸುರರಿಂದ ಬಿಡಿಸಲು ಹೊರಟ ಹುಡುಗಿಯ ಕಥೆಯನ್ನು ದುರ್ಗೆಯೂ ವಿಷ್ಣುವೂ ಮೇಲಿನಿಂದ ನೋಡುತ್ತ ಮಾತನಾಡಿಕೊಳ್ಳುವಂತೆ ಅಲ್ಲಿ ಹೆಣೆದಿದ್ದಾರೆ. ನಡುನಡುವೆ ತೊಗಲುಗೊಂಬೆಯಾಟದ ರೀತಿಯ ಚಿತ್ರಗಳು ಬರುತ್ತವೆ. ಅದನ್ನು ಅನುಕರಿಸಿದವರು ಗೋಪುರಗಳನ್ನು ತೆಗೆದುಕೊಂಡರು, ಆ ಸಂವಾದವನ್ನು ಬಿಟ್ಟರು.

ಕಾಲು ಗಂಟೆಯ ಆಟದಿಂದ ಕೃತಿಯ ತೂಕವನ್ನು ಹೇಳುವುದು ಮೊದಲ ಸಂಧಿಯನ್ನೋದಿ ಭಾರತವನ್ನು ಅಳೆದಂತೆಯೇ ಸರಿ. ಅದಕ್ಕಾಗಿ, ಮೇಳದ ಒಂದು ಮೂಲೆಯಲ್ಲಿ ಹೊಸಬರ ಪರಿಚಯಕ್ಕೆಂದು ಇರಿಸಿದ್ದ, ಈಗಾಗಲೇ ಹೆಸರಾದ ಕೃತಿಗಳಲ್ಲಿ ಮೂರನ್ನು ಆರಿಸಿಕೊಂಡು ಮನೆಯಲ್ಲಿ ಕೊನೆಯವರೆಗೆ ಆಡಿದೆನು. ಮುಂದಿನ ವಿಚಾರವು ಆ ಮೂರನ್ನು ಕುರಿತದ್ದು.

೩

ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಮಗಳ ಮದುವೆಯ ಸಾಲವನ್ನು ಲೆಕ್ಕ ಹಾಕುತ್ತ ಕುಳಿತವನಿಗೆ ಶಕುಂತಲೆಯ ದುಃಖವು ಮುಟ್ಟುವುದಿಲ್ಲ. ಆಟವನ್ನಾಡುವವನ ಪಾಡು ಇದಕ್ಕಿಂತ ಕಷ್ಟದ್ದು. ಗೆದ್ದೆನೆ, ಸೋತೆನೆ, ಇನ್ನೆಷ್ಟು ಹೊತ್ತು ಉಳಿದಿದೆ ಎಂಬ ಸ್ವಂತದ ಕಾತರವು ಅವನಿಗೆ ಹೊರಗಿನಿಂದ ಬಂದ ವಿಘ್ನವಲ್ಲ. ಅದೇ ಆಟದ ತಿರುಳು. ಹಾಗಾದರೆ ಆಟದಲ್ಲಿ ರಸವು ಲಕ್ಷಣತಃ ಅಸಾಧ್ಯವೆಂದು ತೀರ್ಮಾನಿಸಬೇಕೆ? ನಾನು ಮೊದಲು ಹಾಗೆಯೇ ತಿಳಿದಿದ್ದೆನು. ಆ ತೀರ್ಮಾನವನ್ನು ಕೆಡಿಸಿದ್ದು ‘ಪೇಪರ್ಸ್, ಪ್ಲೀಸ್’ ಎಂಬ ಆಟ.

ಜಪಾನಿನಲ್ಲಿ ನೆಲೆಸಿದ ಲೂಕಸ್ ಪೋಪ್ ಎಂಬ ಅಮೆರಿಕನ್ನನು ಒಬ್ಬನೇ ಕಟ್ಟಿ ೨೦೧೩ರಲ್ಲಿ ಪ್ರಕಟಿಸಿದ ಈ ಕೃತಿಗೆ ಮರುವರ್ಷ ಮೇಲೆ ಹೇಳಿದ ಮಹಾಪುರಸ್ಕಾರವು ದೊರೆಯಿತು. ಕಾಲ ೧೯೮೨, ದೇಶ ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ಸರ್ವಾಧಿಕಾರದ ನಾಡು. ಆಡುವವನು ಗಡಿಯ ಕಟ್ಟೆಯಲ್ಲಿ ಕುಳಿತ ತಪಾಸಣಾಧಿಕಾರಿ. ಒಬ್ಬೊಬ್ಬರಾಗಿ ಬರುವವರ ಪಾಸ್‌ಪೋರ್ಟು, ಪರವಾನಗಿ, ಭಾವಚಿತ್ರ, ಮೊಹರುಗಳನ್ನು ತಾಳೆ ನೋಡಿ ‘ಸ್ವೀಕೃತ’ ಅಥವಾ ‘ನಿರಾಕೃತ’ ಎಂಬ ಮುದ್ರೆಯೊತ್ತಬೇಕು. ಸರಿಯಾಗಿ ಪರಿಶೀಲಿಸಿದ ತಲೆಯೊಂದಕ್ಕೆ ೫ ಕ್ರೆಡಿಟ್ ಕೂಲಿ. ದಿನಕ್ಕೆ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ, ಅನಂತರದ್ದಕ್ಕೆ ದಂಡ. ಸಂಜೆ ಆ ಕೂಲಿಯಿಂದ ಬಾಡಿಗೆ, ಆಹಾರ, ಚಳಿಗೆ ಬೆಂಕಿ ಇವುಗಳನ್ನು ಹೊಂದಿಸಬೇಕು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ ಮೊದಲಾದವರು ಇದ್ದಾರೆ. ಹಣ ಸಾಲದೆ ಹೋದರೆ ಅವರಿಗೆ ಕಾಯಿಲೆ, ಸಾವು.

ಈ ಕೃತಿಯ ಒಂದು ಪ್ರಸಂಗವನ್ನು ಹೇಳಲೇಬೇಕು. ಒಬ್ಬನು ಬರುತ್ತಾನೆ. ಅವನ ಕಾಗದಗಳೆಲ್ಲ ಸರಿಯಾಗಿವೆ. ಹೋಗುವಾಗ, ಹಿಂದೆಯೇ ನನ್ನ ಹೆಂಡತಿ ಬರುತ್ತಿದ್ದಾಳೆ, ಅವಳಲ್ಲಿ ದಯೆಯಿರಲಿ, ಎನ್ನುತ್ತಾನೆ. ಅವಳು ಬರುತ್ತಾಳೆ, ಪ್ರವೇಶದ ಪರವಾನಗಿ ಇಲ್ಲ. ಗಡಿಯಾರ ಓಡುತ್ತಿದೆ, ಸಾಲು ಬೆಳೆಯುತ್ತಿದೆ. ಅಂದು ಮೇಳದಲ್ಲಿ ನಾನು ಆಡಿದಾಗ ಎರಡು ತಪ್ಪುಗಳು ಆಗಲೇ ಆಗಿಹೋಗಿದ್ದವು. ಮೂರನೆಯದಕ್ಕೆ ದಂಡವೆಂದು ನೆನೆದು, ಕೆಂಪು ಮುದ್ರೆಯನ್ನೊತ್ತಿ ಅವಳನ್ನು ಹಿಂದಕ್ಕೆ ಕಳುಹಿಸಿದೆನು. ಒತ್ತಿದ ಮೇಲೆ ಮನಸ್ಸಿಗೆ ಬಂದುದು ಆಟದ ಹೆಂಗಸಲ್ಲ.

ನಾನು ಹಿಂದೆ ಈ ನಗರದ ಹೊರವಲಯದ ಒಂದು ಶಾಖೆಯಲ್ಲಿದ್ದಾಗ ಕಲಬುರಗಿ ಜಿಲ್ಲೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬಳು ಖಾತೆ ತೆರೆಯಲು ಬಂದಳು. ಒಂದು ಕಾಗದದಲ್ಲಿ ಅವಳ ಹೆಸರು ‘ಅವ್ವ’ ಎಂದು ಮುಗಿದಿತ್ತು, ಇನ್ನೊಂದರಲ್ಲಿ ‘ಅಮ್ಮ’ ಎಂದು. ಎರಡೂ ಒಂದೇ ಎಂದು ಆ ಕಟ್ಟೆಯಲ್ಲಿ ತಿಳಿದಿದ್ದವನು ನಾನೊಬ್ಬನೇ. ಆದರೂ ನಿಯಮದಂತೆ ಹಿಂದಕ್ಕೆ ಕಳುಹಿಸಿದೆನು. ಅವಳು ಮತ್ತೆ ಎರಡು ಸಲ ಬಂದಳು; ಎರಡು ಸಲವೂ ಕಳುಹಿಸಿದೆನು. ಆಮೇಲೆ ಬರಲಿಲ್ಲ. ಅಫಿಡವಿಟ್ ಒಂದನ್ನು ಬರೆಯಿಸಿಕೊಟ್ಟಿದ್ದರೆ ಕೆಲಸವು ಆಗುತ್ತಿತ್ತು. ಮಧ್ಯಾಹ್ನದ ಸಾಲು ದೊಡ್ಡದಾಗಿತ್ತು ಎಂಬುದಷ್ಟೇ ನನ್ನ ಸಮಾಧಾನ. ಯಾವ ತನಿಖೆಯಲ್ಲಿಯೂ ನನ್ನ ತಪ್ಪೆಂದು ಬರಲಾರದು.

ಇಲ್ಲಿ ಶಾಸ್ತ್ರದ ದೃಷ್ಟಿಯಿಂದ ಗಮನಿಸತಕ್ಕ ಅಂಶವೊಂದಿದೆ. ಈ ಆಟವು ಸ್ವಸುಖದ ಚಿಂತೆಯೆಂಬ ವಿಘ್ನವನ್ನು ನಿವಾರಿಸುವುದಿಲ್ಲ. ಬೇಕೆಂದೇ ಅದನ್ನು ಹುಟ್ಟಿಸುತ್ತದೆ. ಅಧಿಕಾರಿಯ ಬಡತನವನ್ನು ಆಡುವವನ ಬೆರಳುಗಳಿಗೆ ಇಳಿಸಿ, ಅವನ ಸ್ವಾರ್ಥವನ್ನೇ ವಿಭಾವವಾಗಿ ಮಾಡಿಕೊಳ್ಳುತ್ತದೆ. ಆಡುತ್ತಿರುವಾಗ ಇರುವುದು ಕಾತರವೇ ಹೊರತು ರಸವಲ್ಲ. ಕೈ ನಿಂತು, ತಾನು ಮಾಡಿದುದನ್ನು ತಾನೇ ಬೇರೊಬ್ಬನಂತೆ ನೋಡಿಕೊಂಡಾಗ ಕರುಣವು ಮೂಡುತ್ತದೆ. ನೋಡುವವನೂ ಆಡುವವನೂ ಒಂದೇ ದೇಹದಲ್ಲಿದ್ದರೂ ಒಂದೇ ಕ್ಷಣದಲ್ಲಿರುವುದಿಲ್ಲ. ಮೊದಲು ಕರ್ತೃ, ಬಳಿಕ ಸಹೃದಯ. ನಾಟಕವು ಇಬ್ಬರನ್ನು ರಂಗದ ಎರಡು ಬದಿಗಳಲ್ಲಿ ಕೂರಿಸುತ್ತದೆ. ಈ ಬಗೆಯ ಆಟವು ಕಾಲದ ಎರಡು ಬದಿಗಳಲ್ಲಿ ಕೂರಿಸುತ್ತದೆ.

೪

ಎರಡನೆಯ ಕೃತಿ ‘ಅನ್‌ಪ್ಯಾಕಿಂಗ್’. ಆಸ್ಟ್ರೇಲಿಯದ ಬ್ರಿಸ್ಬೇನಿನ ವಿಚ್ ಬೀಮ್ ಎಂಬವರು ೨೦೨೧ರಲ್ಲಿ ಪ್ರಕಟಿಸಿದ್ದು. ೧೯೯೭ರಿಂದ ೨೦೧೮ರವರೆಗೆ ಒಬ್ಬ ಹೆಣ್ಣುಮಗಳು ಎಂಟು ಸಲ ಮನೆ ಬದಲಿಸುತ್ತಾಳೆ. ಪ್ರತಿ ಸಲವೂ ಪೆಟ್ಟಿಗೆಗಳನ್ನು ಬಿಚ್ಚಿ ಸಾಮಾನುಗಳನ್ನು ಜೋಡಿಸುವುದಷ್ಟೇ ಆಡುವವನ ಕೆಲಸ. ಆ ಹೆಂಗಸು ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ಸಂಭಾಷಣೆಯಿಲ್ಲ, ಸೋಲೂ ಇಲ್ಲ. ಆದರೂ ಕಥೆ ತಿಳಿಯುತ್ತದೆ. ೨೦೧೦ರಲ್ಲಿ ಅವಳು ಸಂಗಾತಿಯೊಬ್ಬನ ಮನೆಗೆ ಹೋಗುತ್ತಾಳೆ. ಗೋಡೆಗಳೆಲ್ಲ ಅವನ ವಸ್ತುಗಳಿಂದ ತುಂಬಿವೆ. ಅವಳ ಪದವಿಪತ್ರವನ್ನು ತೂಗುಹಾಕಲು ಒಂದು ಮೊಳೆಯಷ್ಟು ಜಾಗವೂ ಸಿಗುವುದಿಲ್ಲ. ಎಲ್ಲ ಕಡೆ ಇಟ್ಟು ನೋಡಿ, ಕೊನೆಗೆ ಮಂಚದ ಕೆಳಗೆ ತಳ್ಳಬೇಕಾಗುತ್ತದೆ. ೨೦೧೨ರಲ್ಲಿ ಅವಳು ಮತ್ತೆ ಬಾಲ್ಯದ ಕೋಣೆಗೆ ಹಿಂತಿರುಗಿರುತ್ತಾಳೆ. ಏನಾಯಿತೆಂದು ಯಾರೂ ಹೇಳುವುದಿಲ್ಲ. ಧ್ವನಿಯೆಂದು ಆನಂದವರ್ಧನನು ಕರೆದುದಕ್ಕೆ ಇದಕ್ಕಿಂತ ತಿಳಿಯಾದ ನಿದರ್ಶನವನ್ನು ಈ ಮಾಧ್ಯಮದಲ್ಲಿ ನಾನು ಕಂಡಿಲ್ಲ. ಪದವಿಪತ್ರವೆಂಬ ವಸ್ತುವೇ ಮಾತು, ಮಂಚದ ಕೆಳಗೆಂಬ ಸ್ಥಾನವೇ ವ್ಯಂಗ್ಯ.

ವರ್ಗಾವಣೆಯ ಆಜ್ಞೆಯನ್ನು ಕೈಯಲ್ಲಿ ಹಿಡಿದು ಊರೂರಿಗೆ ಟ್ರಂಕು ಸಾಗಿಸಿದ ನಮ್ಮಂಥವರಿಗೆ ಈ ಕೃತಿಯ ಸೂಕ್ಷ್ಮಗಳು ಬೇಗ ತಿಳಿಯುತ್ತವೆ. ಆದರೆ ದೋಷವನ್ನೂ ಹೇಳಬೇಕು. ವಸ್ತುವೊಂದು ‘ತಪ್ಪು’ ಸ್ಥಳದಲ್ಲಿದ್ದರೆ ಆಟವು ಅದರ ಸುತ್ತ ಕೆಂಪು ಗೆರೆಯನ್ನೆಳೆದು ತೋರಿಸುತ್ತದೆ. ಯಾವುದು ಎಲ್ಲಿರಬೇಕೆಂಬುದು ಒಂದು ಸಮಾಜದ ಮನೆವಾರ್ತೆ, ಪ್ರಕೃತಿಯ ನಿಯಮವಲ್ಲ. ಕೆರವನ್ನು ಹೊಸ್ತಿಲ ಹೊರಗೆ ಬಿಡುವ, ದೇವರ ಗೂಡಿಗೆ ಮೊದಲು ಜಾಗ ನೋಡುವ ಗೃಹಸ್ಥನಿಗೆ ಇಲ್ಲಿನ ಸರಿತಪ್ಪುಗಳು ಪರಕೀಯವಾಗಿ ತೋರುತ್ತವೆ. ಈ ನಿರ್ಬಂಧವನ್ನು ತೆಗೆದುಹಾಕುವ ಅನುಕೂಲವೂ ಆಟದಲ್ಲಿದೆ. ಆದರೆ ಹಾಗೆ ತೆಗೆದರೆ ಪದವಿಪತ್ರವನ್ನು ಮಂಚದ ಕೆಳಗೆ ತಳ್ಳುವ ಅನಿವಾರ್ಯವೂ ಹೋಗುತ್ತದೆ, ಅದರೊಡನೆ ಧ್ವನಿಯೂ ಹೋಗುತ್ತದೆ. ನಿರ್ಬಂಧವಿಲ್ಲದೆ ಅರ್ಥವಿಲ್ಲ ಎಂಬ ಛಂದಸ್ಸಿನ ಪಾಠವೇ ಇಲ್ಲಿಯೂ ಇದೆ.

೫

ಮೂರನೆಯದು ‘ವೆಣ್ಬಾ’. ಕೆನಡದ ಟೊರಾಂಟೋದ ವಿಸೈ ಗೇಮ್ಸ್ ಎಂಬವರದು, ೨೦೨೩ರಲ್ಲಿ ಪ್ರಕಟವಾದುದು. ೨೦೨೪ರಲ್ಲಿ ಮಹಾಪುರಸ್ಕಾರವನ್ನು ಪಡೆದುದು. ವೆಣ್ಬಾ ಎಂಬುದು ಹಳೆಯ ತಮಿಳಿನ ಒಂದು ಛಂದೋಪ್ರಕಾರವೆಂಬುದನ್ನು ವಾಚಕರು ಬಲ್ಲರು. ತಿರುಕ್ಕುರಳಿನ ಪದ್ಯಗಳು ಆ ಜಾತಿಯವೇ. ಇಲ್ಲಿ ಅದು ೧೯೮೦ರ ದಶಕದಲ್ಲಿ ಗಂಡನೊಡನೆ ಕೆನಡಕ್ಕೆ ಹೋಗಿ ನೆಲೆಸಿದ ತಮಿಳು ತಾಯಿಯ ಹೆಸರು. ಅವಳ ತಾಯಿ ಕೊಟ್ಟ ಅಡುಗೆಯ ಪುಸ್ತಕವು ಹರಿದು, ಅಕ್ಷರಗಳು ಅಳಿಸಿಹೋಗಿವೆ. ಉಳಿದ ಮಾತುಗಳಿಂದ ಇಲ್ಲದ ಮಾತುಗಳನ್ನು ಊಹಿಸಿ ಇಡ್ಲಿ, ಪುಟ್ಟು, ಬಿರಿಯಾನಿಗಳನ್ನು ಮಾಡಬೇಕು. ಇಡ್ಲಿಯ ತಟ್ಟೆಗಳನ್ನು ಹಬೆ ಏರುವಂತೆ ಹೇಗೆ ಪೇರಿಸಬೇಕೆಂಬುದೇ ಮೊದಲ ಒಗಟು. ಗ್ರಂಥಸಂಪಾದನೆ ಮಾಡಿದವರಿಗೆ ಇದು ಪರಿಚಿತ ಕೆಲಸ. ತ್ರುಟಿತ ಓಲೆಯ ಪಾಠವನ್ನು ತುಂಬುವುದೂ ಇದೇ. ಕಾಲ ಕಳೆದಂತೆ ಮಗ ಕವಿನ್ ತಾಯ ನುಡಿಯಿಂದ ಸರಿದುಹೋಗುತ್ತಾನೆ. ಬೆಳೆದು ದೊಡ್ಡವನಾದ ಮೇಲೆ ಅದೇ ಪುಸ್ತಕವನ್ನು ಹಿಡಿದು ಒಲೆಯ ಮುಂದೆ ನಿಲ್ಲುತ್ತಾನೆ. ಆದರೆ ತಮಿಳನ್ನು ಓದಲು ತಡಕಾಡುತ್ತಾನೆ. ಮೊದಲು ಪುಸ್ತಕವು ಹರಿದಿತ್ತು, ಈಗ ಓದುಗನೇ ಹರಿದಿದ್ದಾನೆ.

ಹೊರನಾಡ ಕನ್ನಡಿಗನಾರಾದರೂ ಈ ಘಟ್ಟದಲ್ಲಿ ಕಣ್ಣೊರೆಸಿಕೊಳ್ಳದೆ ಇರಲಾರನು. ನಾನೂ ಒರೆಸಿಕೊಂಡೆನು. ಆದರೆ ವಿಮರ್ಶಕನು ಕೇಳಬೇಕಾದುದು ಇಲ್ಲಿಯೇ: ಆ ಕಣ್ಣೀರು ಯಾರದು? ನನ್ನ ಮಗಳು ಕನ್ನಡವನ್ನು ಆಡಬಲ್ಲಳು, ಓದಲಾರಳು. ಆಟ ಮುಗಿದ ರಾತ್ರಿ ಅವಳು, “ಅಪ್ಪಾ, ಅಜ್ಜಿಯ ಅಡುಗೆ ಪುಸ್ತಕ ನಮ್ಮ ಟ್ರಂಕಿನಲ್ಲೂ ಇದೆಯಲ್ಲವೆ? ತೋರಿಸಿ” ಎಂದಳು. ತೆಗೆದುಕೊಟ್ಟೆನು. ನನ್ನ ತಾಯಿ ಪೆನ್ಸಿಲಿನಲ್ಲಿ ಬರೆದ ಸಾರಿನ ಪುಡಿಯ ಅಳತೆಗಳನ್ನು ಅವಳು ಚಿತ್ರವನ್ನು ನೋಡುವಂತೆ ನೋಡಿ, ಪುಟ ಮಗುಚಿ, ಹಿಂದಕ್ಕೆ ಕೊಟ್ಟಳು. ನನ್ನ ಕಣ್ಣೀರು ಇದರದ್ದು. ಎಂದರೆ ಅದು ಅಭಿನವಗುಪ್ತನು ವಿಘ್ನವೆಂದು ಹೇಳಿದ ಸ್ವಂತ ದುಃಖವೇ ಹೊರತು ಕೃತಿಯು ಸಾಧಿಸಿದ ರಸವಲ್ಲ. ನಮ್ಮ ಗಾಯದ ಮೇಲೆ ಬೆರಳಿಟ್ಟ ಮಾತ್ರಕ್ಕೆ ಕೃತಿಯು ಮಹತ್ತಾದುದಾಗುವುದಿಲ್ಲ. ಹೊರನಾಡಿನಲ್ಲಿ ಬರೆಯುವ ನಾವು, ಊರಿನ ನೆನಪನ್ನು ಕೆದಕುವ ಯಾವುದನ್ನಾದರೂ ಒಳ್ಳೆಯ ಸಾಹಿತ್ಯವೆಂದು ಕೊಂಡಾಡುವ ಚಾಳಿಗೆ ಬಿದ್ದಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಆ ದೃಷ್ಟಿಯಿಂದ ತೂಗಿದರೆ ‘ವೆಣ್ಬಾ’ ಸೊಗಸಾದ ಕಿರುಕೃತಿ, ಆದರೆ ‘ಪೇಪರ್ಸ್, ಪ್ಲೀಸ್’ನ ಎತ್ತರದ್ದಲ್ಲ. ಅದರ ಒಗಟುಗಳು ಸುಲಭ. ಒಂದೆರಡು ಗಂಟೆಗಳಲ್ಲಿ ಕಥೆಯು ಮುಗಿಯುತ್ತದೆ. ಸಂಭಾಷಣೆಯಲ್ಲಿ ನಾವು ಯಾವ ಉತ್ತರವನ್ನು ಆರಿಸಿದರೂ ಬಾಳಿನ ಹಾದಿ ಬದಲಾಗುವುದಿಲ್ಲ. ಆಡುವವನಿಗೆ ಇಲ್ಲಿ ಪಾಪವನ್ನು ಮಾಡುವ ಅವಕಾಶವಿಲ್ಲ. ಆದುದರಿಂದ ತನ್ನನ್ನು ತಾನು ಕಾಣುವ ಅವಕಾಶವೂ ಕಡಿಮೆ. ಮಗನನ್ನು ನುಡಿಯಿಂದ ದೂರ ಮಾಡಿದುದರಲ್ಲಿ ನನ್ನ ಪಾಲೆಷ್ಟು ಎಂದು ಕೇಳುವಂತೆ ಆಟವು ಮಾಡಿದ್ದರೆ ಅದು ಬೇರೆಯೇ ಆಗುತ್ತಿತ್ತು. ಆ ಪ್ರಶ್ನೆಯನ್ನು ನನಗೆ ಕೇಳಿದ್ದು ಆಟವಲ್ಲ, ಟ್ರಂಕು.

೬

ಮತ್ತೊಮ್ಮೆ ಮೇಳಕ್ಕೆ ಹೋಗೋಣ. ಕೊನೆಯ ಸಾಲಿನ ಒಂದು ಮೇಜಿನಲ್ಲಿ ಧಾರವಾಡದ ಕಡೆಯ ತರುಣನೊಬ್ಬನು ನಿಂತಿದ್ದನು. ಹಳ್ಳಿಯ ಸಂತೆಯನ್ನು ಕುರಿತ ಅವನ ಆಟವು ಇನ್ನೂ ಅರ್ಧವಾಗಿದೆ, ಮುಗಿದರೆ ಗಮನಾರ್ಹವಾದೀತು. ಸಂತೆಯ ಮಾತುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಕನ್ನಡದಲ್ಲೇಕೆ ಮಾಡಲಿಲ್ಲವೆಂದು ಕೇಳಿದೆನು. “ಮನಸ್ಸೈತ್ರಿ ಸರ್. ಆದ್ರ ಒತ್ತಕ್ಷರ ಒಡದು ಬೀಳ್ತಾವ್ರಿ” ಎಂದು, ಪರದೆಯ ಮೇಲೆ ತೋರಿಸಿದನು. ‘ಅಕ್ಕ’ ಎಂದು ಬರೆದರೆ ‘ಅಕ್‌ಕ’ ಎಂದು ಮೂಡುತ್ತಿತ್ತು.

ಇದರ ಕಾರಣ ಸರಳವಾದುದು. ಗಣಕದ ಸಂಕೇತದಲ್ಲಿ ‘ಕ್ಕ’ ಎಂಬುದು ಒಂದಕ್ಷರವಲ್ಲ. ಕಕಾರ, ಹಲಂತಚಿಹ್ನೆ, ಮತ್ತೆ ಕಕಾರ ಎಂಬ ಮೂರು ಸಂಕೇತಗಳ ಸಾಲು. ಅವುಗಳನ್ನು ಕೂಡಿಸಿ ಒತ್ತಾಗಿ ರೂಪಿಸುವ ಕೆಲಸವನ್ನು ಬೇರೊಂದು ಉಪಕರಣವು ಮಾಡಬೇಕು. ಬಿಡಿ ಅಕ್ಷರಗಳ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಆಟದ ಎಂಜಿನುಗಳಲ್ಲಿ ಈ ಉಪಕರಣವಿರಲಿಲ್ಲ. ಆದರೆ ಇದು ನೀಗದ ತೊಡಕಲ್ಲ. ೨೦೨೩ರಲ್ಲಿ ಹೊರಬಂದ, ಯಾರಾದರೂ ಉಚಿತವಾಗಿ ಬಳಸಬಹುದಾದ ಗೋಡೋ ಎಂಬ ಎಂಜಿನಿನ ನಾಲ್ಕನೆಯ ಆವೃತ್ತಿಯಲ್ಲಿ ಇಂಥ ಸಂಕೀರ್ಣ ಲಿಪಿಗಳನ್ನು ಕೂಡಿಸುವ ಏರ್ಪಾಡಿದೆ. ಸೀಸದ ಅಚ್ಚಿನ ಕಾಲದಲ್ಲಿಯೂ ನಮ್ಮ ಒತ್ತುಗಳು ಇದೇ ಕಾಟವನ್ನು ಕೊಟ್ಟಿದ್ದವು. ಆದರೂ ೧೮೯೪ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು.

ಆಡುವವರು ಯಾರು ಎಂಬುದು ಎರಡನೆಯ ಆಕ್ಷೇಪ. ಅಲಾಸ್ಕದ ಇನ್ಯೂಪಿಯಾಕ್ ಜನರ ನುಡಿಯನ್ನಾಡುವವರು ಇಂದು ಕೆಲವೇ ಸಾವಿರ. ಅಲ್ಲಿನ ಕುಕ್ ಇನ್ಲೆಟ್ ಬುಡಕಟ್ಟು ಮಂಡಳಿಯು ಆಟದ ತಜ್ಞರೊಡನೆ ಕೂಡಿ ೨೦೧೪ರಲ್ಲಿ ‘ನೆವರ್ ಅಲೋನ್’ ಎಂಬ ಆಟವನ್ನು ಹೊರತಂದಿತು. ಕಥೆಯ ನಿರೂಪಣೆಯು ಅವರ ನುಡಿಯಲ್ಲಿಯೇ ಇದೆ. ಉಳಿದವರು ಅಡಿಯ ಬರಹವನ್ನು ಓದಿಕೊಳ್ಳುತ್ತಾರೆ. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯಾಗಿ ಬರೆಯಿಸಿದವರು ೪ ಕೋಟಿ ೩೭ ಲಕ್ಷ. ಕೆಲವು ಸಾವಿರಕ್ಕೆ ಸಾಧ್ಯವಾದುದು ಕೋಟಿಗಳಿಗೆ ಸಾಧ್ಯವಾಗದೆಂಬುದು ಲೆಕ್ಕ ಬಲ್ಲವರ ಮಾತಲ್ಲ.

ಈ ದಿಸೆಯಲ್ಲಿ ನಮ್ಮ ಸಂಘವು ಮಾಡಬಹುದಾದ ಕೆಲಸವು ಸಣ್ಣದು, ಆದರೆ ನಿಶ್ಚಿತವಾದುದು. ಇಂಥ ತರುಣರು ನಗರದಲ್ಲಿ ಹತ್ತಿಪ್ಪತ್ತು ಜನ ಇದ್ದಾರು. ಅವರನ್ನು ಕರೆದು, ಅವರ ಆಟಗಳ ಕನ್ನಡವನ್ನು ತಿದ್ದಿಕೊಡುವ, ಸಂತೆಯ ಮಾತು ಸಂತೆಯ ಮಾತಾಗಿಯೇ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ನಮ್ಮಲ್ಲಿ ಬಲ್ಲವರು ಹೊರಬಹುದು. ವರ್ಷಕ್ಕೊಮ್ಮೆ ಯಕ್ಷಗಾನಕ್ಕೆ ತೆರೆಯುವ ಸಭಾಂಗಣವನ್ನು ಈ ಆಟಗಳಿಗೂ ಒಂದು ಮಧ್ಯಾಹ್ನ ತೆರೆಯಬಹುದು. ಆ ತರುಣನ ವಿಳಾಸವನ್ನು ನಾನು ಬರೆದುಕೊಂಡು ಬಂದಿದ್ದೇನೆ.

ಮನೆಯಲ್ಲಿ ಈಗ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಅಕ್ಷರಾಭ್ಯಾಸ ನಡೆದಿದೆ. ಸಾರಿನ ಪುಡಿಯ ಪುಟದಲ್ಲಿ ಮಗಳು ‘ಮೆಣಸು’, ‘ಜೀರಿಗೆ’ಗಳನ್ನು ದಾಟಿದ್ದಾಳೆ, ‘ಕೊತ್ತಂಬರಿ’ಯ ಒತ್ತಿನಲ್ಲಿ ಅವಳೂ ಎಡವುತ್ತಾಳೆ. ಬೆನ್ನ ಹಿಂದೆ ನಿಂತು ಮಾತನಾಡದೆ ಕಾಯುವುದನ್ನು ಮೇಳದ ತರುಣರಿಂದ ನಾನು ಕಲಿತುಕೊಂಡಿದ್ದೇನೆ. ರಸದ ಪ್ರಶ್ನೆಗೆ ಇಲ್ಲಿ ಸೂಚಿಸಿದ ಉತ್ತರವು ಮೂರು ಕೃತಿಗಳ ಬಲದ ಮೇಲೆ ನಿಂತದ್ದು. ಇನ್ನೂ ಹೆಚ್ಚು ಆಡಿದವರು, ಶಾಸ್ತ್ರವನ್ನು ನನಗಿಂತ ಹೆಚ್ಚು ಬಲ್ಲವರು ಇದನ್ನು ತಿದ್ದಿದರೆ ಕೃತಜ್ಞನಾಗಿರುವೆನು.